ಮೌನವೂ ಉತ್ತರವಲ್ಲ, ಕೂಗೂ ಉತ್ತರವಲ್ಲ

1986ರ ಡಿಸೆಂಬರ್ ತಿಂಗಳನ್ನು ನಮ್ಮ ಹಿರಿಯರು ಮರೆತಿರಲಾರರು. ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಸಣ್ಣಕತೆಯೊಂದು ಪ್ರಕಟವಾಯಿತು. ಮಲಯಾಳಂನಿಂದ ಅನುವಾದಗೊಂಡಿದ್ದ ಆ ಕತೆಯ ಶೀರ್ಷಿಕೆಯು ಪ್ರವಾದಿಯವರ(ಸ) ಪವಿತ್ರ ನಾಮವನ್ನು ಹೀನವಾದ ಒಂದು ವಿಶೇಷಣದೊಂದಿಗೆ ಜೋಡಿಸಿತ್ತು. ಕತೆ ಪ್ರವಾದಿಯವರ ಕುರಿತದ್ದಾಗಿರಲಿಲ್ಲ. ಅದೇ ಹೆಸರಿನ ಒಂದು ಪಾತ್ರದ ಕುರಿತದ್ದಾಗಿತ್ತು. ಹಾಗಿದ್ದರೂ ಆ ಶೀರ್ಷಿಕೆಯಿಂದ ಮನಸ್ಸಿಗಾದ ನೋವು ಸುಳ್ಳಲ್ಲ. ಪತ್ರಿಕೆ ವಿಷಾದ ಸೂಚಿಸಿತು. ಆದರೆ ಬೆಂಗಳೂರು ಹಾಗೂ ಮೈಸೂರಿನ ಬೀದಿಗಳು ಹೊತ್ತಿ ಉರಿದವು. ಗಲಭೆ ಮತ್ತು ಗೋಲಿಬಾರ್‌ಗಳಲ್ಲಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಇಷ್ಟು ವರ್ಷಗಳ ಬಳಿಕವಾದರೂ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಡವೇ? ಅಂದು ಬೀದಿಗಿಳಿದವರಲ್ಲಿ ಆ ಕತೆಯನ್ನು ಓದಿದವರು ಎಷ್ಟು ಮಂದಿ ಇದ್ದರು? ಪ್ರಾಣ ಕಳೆದುಕೊಂಡವರಲ್ಲಿ ಎಷ್ಟು ಮಂದಿ ಇದ್ದರು?

ಇದು ನಮ್ಮ ಒಂದು ಮುಖ. ಇನ್ನೊಂದು ಮುಖ ಮೌನದ್ದು. ನಮ್ಮ ಮನೆಗಳಿಗೆ ಪತ್ರಿಕೆ ಬರುತ್ತದೆ. ಅದರಲ್ಲಿ ಯಾರೋ ಒಬ್ಬರು ನಮ್ಮ ಮದ್ರಸಗಳ ಬಗ್ಗೆ, ನಮ್ಮ ಹೆಣ್ಣುಮಕ್ಕಳ ಬಗ್ಗೆ, ನಮ್ಮ ನಿಷ್ಠೆಯ ಬಗ್ಗೆ ಅಂಕಣ ಬರೆಯುತ್ತಾರೆ. ಮಸೀದಿಯ ಅಂಗಳದಲ್ಲಿ, ಅಂಗಡಿಯ ಜಗಲಿಯಲ್ಲಿ ಅರ್ಧ ಗಂಟೆ ಬಿಸಿ ಚರ್ಚೆಯಾಗುತ್ತದೆ. ಮರುದಿನ ಅದೇ ಹಾಳೆಯಲ್ಲಿ ಬೇಳೆಯೋ ಬೆಲ್ಲವೋ ಪೊಟ್ಟಣವಾಗುತ್ತದೆ. ಅಲ್ಲಿಗೆ ಮುಗಿಯಿತು. ಇನ್ನೂ ನೋವಿನ ಸಂಗತಿಯೆಂದರೆ, ನಮ್ಮ ಪರವಾಗಿ ನ್ಯಾಯದ ಮಾತನ್ನಾಡುವ ಲೇಖಕನಿಗೂ ನಮ್ಮಿಂದ ಸಿಗುವುದು ಇದೇ ಮೌನ. ತನ್ನವರಿಂದಲೇ ನಿಂದನೆಯ ರಾಶಿಯನ್ನು ಸ್ವೀಕರಿಸುವ ಆತನಿಗೆ, ಯಾರಿಗಾಗಿ ಬರೆದನೋ ಅವರಿಂದ ಒಂದು ಸಾಲಿನ ಪತ್ರವೂ ಬರುವುದಿಲ್ಲ. ಈಗಂತೂ ಮೊಬೈಲ್ ಇದೆ. ಶೀರ್ಷಿಕೆ ನೋಡಿ ಹತ್ತು ಮಂದಿಗೆ ರವಾನಿಸಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರಿದ್ದಾರೆ. ರವಾನಿಸುವುದು ಪ್ರತಿಕ್ರಿಯೆಯಲ್ಲ. ಅದು ಅಂಚೆಯವನ ಕೆಲಸ; ಅಂಚೆಯವನೂ ವಿಳಾಸವನ್ನಾದರೂ ಓದುತ್ತಾನೆ.

ಕೂಗು ಮತ್ತು ಮೌನ ಎರಡು ಬೇರೆ ಬೇರೆ ರೋಗಗಳೆಂದು ನಮಗೆ ಅನಿಸುವುದಿಲ್ಲ. ಎರಡರ ಬೇರೂ ಒಂದೇ: ನಾವು ಪೂರ್ತಿ ಓದುವುದಿಲ್ಲ. ಓದಿದರೂ ಬರೆಯುವುದಿಲ್ಲ. ಇನ್ನೊಬ್ಬರ ಬರಹವನ್ನು ಕೊನೆಯವರೆಗೆ ಓದಿ, ಅದರ ಬಗ್ಗೆ ನಾಲ್ಕು ಮಾತನ್ನು ಹೆಸರು ಹಾಕಿ ಬರೆಯುವುದು ಒಂದು ಸಮುದಾಯದ ಬೌದ್ಧಿಕ ಆರೋಗ್ಯದ ಲಕ್ಷಣ. ಆ ಲಕ್ಷಣ ನಮ್ಮಲ್ಲಿ ಕ್ಷೀಣಿಸಿದೆ. ವಿಪರ್ಯಾಸವೆಂದರೆ, ಒಂದು ಕಾಲದಲ್ಲಿ ನಾವು ಇದೇ ಗುಣಕ್ಕೆ ಹೆಸರಾಗಿದ್ದೆವು.

19ನೇ ಶತಮಾನದ ಒಂದು ಉದಾಹರಣೆ ನೋಡಿ. ಬ್ರಿಟಿಷ್ ಸರಕಾರದ ಹಿರಿಯ ಅಧಿಕಾರಿ ವಿಲಿಯಂ ಮ್ಯೂರ್ ಅವರು 1858ರಿಂದ 1861ರ ಅವಧಿಯಲ್ಲಿ ಪ್ರವಾದಿಯವರ(ಸ) ಜೀವನದ ಬಗ್ಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿದರು. ಅದರಲ್ಲಿ ಮುಸ್ಲಿಮರ ಮನಸ್ಸನ್ನು ಇರಿಯುವ ಮಾತುಗಳು ಸಾಕಷ್ಟಿದ್ದವು. ಅದನ್ನು ಓದಿ ಸರ್ ಸೈಯದ್ ಅಹ್ಮದ್ ಖಾನ್ ತೀವ್ರವಾಗಿ ನೊಂದರು. ಅವರು ಮೆರವಣಿಗೆ ಹೊರಡಿಸಿದರೇ? ಪುಸ್ತಕ ಸುಟ್ಟರೇ? ಇಲ್ಲ. 1869ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹಡಗು ಹತ್ತಿ ಲಂಡನ್‌ಗೆ ಹೋದರು. ಮ್ಯೂರ್ ಆಧರಿಸಿದ್ದ ಮೂಲಗಳನ್ನು ಅಲ್ಲಿನ ಗ್ರಂಥಾಲಯಗಳಲ್ಲಿ ಹುಡುಕಿದರು. ತಮಗೆ ಬಾರದ ಭಾಷೆಗಳ ಪುಸ್ತಕಗಳನ್ನು ಇತರರ ನೆರವಿನಿಂದ ಅರಿತುಕೊಂಡರು. ಹಣ ಮುಗಿದಾಗ ಊರಿನ ಗೆಳೆಯರಿಗೆ ಪತ್ರ ಬರೆದು ಸಾಲ ಕೇಳಿದರು. ಮನೆಯ ಸಾಮಾನುಗಳನ್ನು ಮಾರಲೂ ಸಿದ್ಧರಾದರು. 1870ರಲ್ಲಿ ಅವರ ಉತ್ತರ ಲಂಡನ್‌ನಲ್ಲೇ, ಇಂಗ್ಲಿಷ್‌ನಲ್ಲೇ, ಪುಸ್ತಕವಾಗಿ ಹೊರಬಂತು. ಯಾವ ಓದುಗರು ಮ್ಯೂರ್ ಅವರನ್ನು ಓದಿದ್ದರೋ ಅದೇ ಓದುಗರ ಕೈಗೆ ಉತ್ತರವನ್ನೂ ಇಟ್ಟರು. ಗಮನಿಸಬೇಕಾದದ್ದು ಇನ್ನೊಂದಿದೆ. ಇಬ್ಬರ ನಡುವಿನ ವೈಯಕ್ತಿಕ ಸಂಬಂಧ ಕಡಿಯಲಿಲ್ಲ. 1875ರಲ್ಲಿ ಅಲಿಗಢದಲ್ಲಿ ಸರ್ ಸೈಯದ್ ಅವರ ಶಾಲೆ ಆರಂಭವಾದಾಗ ಅದರ ಹಿತೈಷಿಗಳ ಸಾಲಿನಲ್ಲಿ ಮ್ಯೂರ್ ಅವರೂ ಇದ್ದರು.

1871ರಲ್ಲಿ ಬಂಗಾಳದ ಅಧಿಕಾರಿ ಡಬ್ಲ್ಯು.ಡಬ್ಲ್ಯು. ಹಂಟರ್ ಭಾರತೀಯ ಮುಸಲ್ಮಾನರ ಕುರಿತು ಒಂದು ಪುಸ್ತಕ ಬರೆದರು. ರಾಣಿಯ ವಿರುದ್ಧ ಬಂಡೇಳುವುದು ಮುಸ್ಲಿಮರ ಧಾರ್ಮಿಕ ಬಾಧ್ಯತೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. 1857ರ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಅಂತಹ ಪುಸ್ತಕ ಒಂದು ಸಮುದಾಯಕ್ಕೆ ಏನು ತಂದೊಡ್ಡಬಹುದೆಂದು ಊಹಿಸಿಕೊಳ್ಳಿ. ಸರ್ ಸೈಯದ್ ಅಲಹಾಬಾದಿನ ಪಯನೀರ್ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಲೇಖಕರ ಉದ್ದೇಶದ ಮೇಲೆ ಕೆಸರೆರಚಲಿಲ್ಲ. ಬಂಗಾಳದ ಮುಸ್ಲಿಮರ ಬಗ್ಗೆ ಹೇಳಿದ್ದು ಇಡೀ ದೇಶದ ಮುಸ್ಲಿಮರಿಗೆ ಅನ್ವಯವಾಗುವಂತೆ ಬರೆಯಲಾಗಿದೆ ಎಂಬುದನ್ನೂ, 'ವಹಾಬಿ' ಎಂಬ ಪದಕ್ಕೆ ಬಂಡುಕೋರ ಎಂಬ ಅರ್ಥ ಅಂಟಿಸಲಾಗಿದೆ ಎಂಬುದನ್ನೂ ತೋರಿಸಿಕೊಟ್ಟರು. 1872ರಲ್ಲಿ ಆ ವಿಮರ್ಶೆ ಕಿರುಪುಸ್ತಕವಾಯಿತು. ಇಂದಿಗೂ ಹಂಟರ್ ಅವರ ಪುಸ್ತಕವನ್ನು ಗಂಭೀರವಾಗಿ ಚರ್ಚಿಸುವವರು ಈ ವಿಮರ್ಶೆಯನ್ನು ಎದುರಿಗಿಟ್ಟುಕೊಳ್ಳಲೇಬೇಕಾಗುತ್ತದೆ. ಕೂಗಿದ್ದರೆ ಆ ಕೂಗು ಆ ವರ್ಷವೇ ಸಾಯುತ್ತಿತ್ತು. ಬರೆದದ್ದು ಒಂದೂವರೆ ಶತಮಾನ ದಾಟಿ ನಿಂತಿದೆ.

ಹೀಗೆ ಬರೆಯುವುದರಿಂದ ಯಾರಿಗೆ ಲಾಭ? ಮೊದಲ ಲಾಭ ಬರೆಯುವವನಿಗೇ. ಓದುವಾಗ ಅರ್ಥವಾಯಿತೆಂದು ಅನಿಸಿದ ವಿಷಯ, ಬರೆಯಲು ಕುಳಿತಾಗ ಅರ್ಥವಾಗಿಲ್ಲವೆಂದು ಗೊತ್ತಾಗುತ್ತದೆ. ಇಮಾಮ್ ಗಝಾಲಿ 11ನೇ ಶತಮಾನದ ಕೊನೆಯಲ್ಲಿ ತತ್ವಜ್ಞಾನಿಗಳ ವಾದಗಳನ್ನು 20 ಅಂಶಗಳಲ್ಲಿ ಪ್ರಶ್ನಿಸಿದರು. ಆದರೆ ಅದಕ್ಕಿಂತ ಮೊದಲು ಆ ವಾದಗಳನ್ನು ಆಳವಾಗಿ ಅಧ್ಯಯನ ಮಾಡಿದರು; ಅವುಗಳನ್ನು ವಿವರಿಸುವ ಒಂದು ಪ್ರತ್ಯೇಕ ಗ್ರಂಥವನ್ನೇ ಬರೆದರು. ಸುಮಾರು 85 ವರ್ಷಗಳ ಬಳಿಕ ಸ್ಪೇನ್‌ನ ಇಬ್ನ್ ರುಶ್ದ್ ಅವರು ಗಝಾಲಿಯವರಿಗೆ ಉತ್ತರ ಬರೆದಾಗ, ಗಝಾಲಿಯವರ ಮಾತುಗಳನ್ನು ಉದ್ಧರಿಸುತ್ತಾ, ಒಂದೊಂದಾಗಿ ಪರಿಶೀಲಿಸುತ್ತಾ ಹೋದರು. ಫಲವೇನು? ಆ ಖಂಡನೆಯೇ ಲ್ಯಾಟಿನ್‌ಗೆ ಅನುವಾದಗೊಂಡಾಗ ಯುರೋಪಿಗೆ ಗಝಾಲಿಯವರ ವಾದವೂ ತಲುಪಿತು. ಎದುರಾಳಿಯ ಮಾತನ್ನು ಇಷ್ಟು ಪ್ರಾಮಾಣಿಕವಾಗಿ ಹೊತ್ತು ನಡೆದವರ ವಾರಸುದಾರರು ನಾವು. ಶೀರ್ಷಿಕೆ ಓದಿ ಸಿಡಿಯುವ ಹಕ್ಕು ನಮಗೆ ಎಲ್ಲಿಂದ ಬಂತು?

ಎರಡನೆಯ ಲಾಭ ಬರಹಗಾರನಿಗೆ. ವಿಮರ್ಶೆಯನ್ನು ದ್ವೇಷವೆಂದು ತಿಳಿಯುವ ರೂಢಿ ನಮ್ಮ ವಿದ್ವತ್ ಪರಂಪರೆಯದ್ದಲ್ಲ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳ ಕೆಲವು ವರದಿಗಳ ಬಗ್ಗೆ 10ನೇ ಶತಮಾನದ ಇಮಾಮ್ ದಾರಕುತ್ನಿ ಆಕ್ಷೇಪಗಳನ್ನು ದಾಖಲಿಸಿದರು. 15ನೇ ಶತಮಾನದ ಇಬ್ನ್ ಹಜರ್ ಅವರು ಬುಖಾರಿಗೆ ವ್ಯಾಖ್ಯಾನ ಬರೆಯುವಾಗ ಆ ಆಕ್ಷೇಪಗಳನ್ನು ಕೈಗೆತ್ತಿಕೊಂಡು ಉತ್ತರಿಸಿದರು. ದಾರಕುತ್ನಿಯವರ ಗೌರವ ಕುಂದಲಿಲ್ಲ. ಬುಖಾರಿಯ ಸ್ಥಾನವೂ ಕುಂದಲಿಲ್ಲ. ಸ್ವತಃ ಸರ್ ಸೈಯದ್ ಅವರೂ ಕಟು ವಿಮರ್ಶೆಯನ್ನು ಎದುರಿಸಿದವರೇ. 1870ರಲ್ಲಿ ಅವರು ಆರಂಭಿಸಿದ ತಹ್‌ಝೀಬುಲ್ ಅಖ್ಲಾಕ್ ಪತ್ರಿಕೆಯ ವಿಚಾರಗಳನ್ನು ಖಂಡಿಸಲೆಂದೇ ಬೇರೆ ಪತ್ರಿಕೆಗಳು ಹುಟ್ಟಿಕೊಂಡವು. ಅವರ ಧಾರ್ಮಿಕ ವ್ಯಾಖ್ಯಾನಗಳನ್ನು ವಿದ್ವಾಂಸರು ಒಪ್ಪಲಿಲ್ಲ. ಆಗ ಅವರು ಮಾಡಿದ್ದೇನು? ಶಾಲೆಯ ಧಾರ್ಮಿಕ ಶಿಕ್ಷಣದಲ್ಲಿ ತನ್ನ ವೈಯಕ್ತಿಕ ಅಭಿಪ್ರಾಯಗಳನ್ನು ಹೇರುವುದಿಲ್ಲವೆಂದು ಒಪ್ಪಿ, ಆ ಹೊಣೆಯನ್ನು ಇತರರಿಗೆ ಬಿಟ್ಟುಕೊಟ್ಟರು. ವಿಮರ್ಶಕರು ಇಲ್ಲದಿರುತ್ತಿದ್ದರೆ ಆ ಸಂಸ್ಥೆ ಇಷ್ಟೊಂದು ಜನರ ವಿಶ್ವಾಸ ಗಳಿಸುತ್ತಿತ್ತೇ?

ಮೂರನೆಯ ಲಾಭ ಸಮುದಾಯಕ್ಕೆ. ಇಲ್ಲಿ ನಾವು ನಮ್ಮ ನಾಡಿನದ್ದೇ ಒಂದು ಕಹಿ ನೆನಪನ್ನು ಎತ್ತಿಕೊಳ್ಳಬೇಕಾಗಿದೆ. 1980ರ ದಶಕದ ಮೊದಲಾರ್ಧದಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬಂತು. ತಂದೆಯ ಹಠದಿಂದ ತಲಾಖ್ ಆಗಿ, ಪತಿಯ ಬಳಿಗೆ ಮರಳಬೇಕಾದರೆ ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ನಿಕಾಹ್‌ಗೆ ತಲೆಯೊಡ್ಡಬೇಕೆಂದಾದಾಗ ಪ್ರಾಣ ಬಿಡುವ ನಾದಿರಾಳ ಕತೆ ಅದು. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಮಾರಂಭವೊಂದರಲ್ಲಿ ಆ ಲೇಖಕಿಯ ಮೇಲೆ ನಮ್ಮವರೇ ಕೆಲವರು ಏರಿಹೋದರು. ಅಷ್ಟಕ್ಕೂ ಆ ಕಾದಂಬರಿಗೆ ನಮ್ಮಲ್ಲಿ ಉತ್ತರವಿರಲಿಲ್ಲವೇ? ಮರಳಿ ಒಪ್ಪಿಸುವ ಉದ್ದೇಶದಿಂದಲೇ ನಡೆಸುವ ಅಂತಹ ನಿಕಾಹ್ ಇಸ್ಲಾಮಿನಲ್ಲಿ ಶಾಪಗ್ರಸ್ತ ಕೃತ್ಯ. ಇದನ್ನು ಕನ್ನಡದಲ್ಲಿ, ಸಾವಧಾನವಾಗಿ, ಮನೆಮನೆಗೆ ತಲುಪುವಂತೆ ಬರೆಯಬಹುದಿತ್ತು. ಅದರ ಜೊತೆಗೇ ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳಬಹುದಿತ್ತು: ಧರ್ಮ ತಡೆದದ್ದನ್ನು ಧರ್ಮದ ಹೆಸರಿನಲ್ಲೇ ನಡೆಸುವವರು ನಮ್ಮ ನಡುವೆ ಇದ್ದಾರೆ, ನಾದಿರಾಳಂತಹ ಹೆಣ್ಣುಮಕ್ಕಳು ಕಲ್ಪನೆಯಲ್ಲ. ಹಾಗೆ ಬರೆದಿದ್ದರೆ ಲೇಖಕಿಗೂ ಒಂದು ಉತ್ತರ ಸಿಗುತ್ತಿತ್ತು, ಮೊಹಲ್ಲಾಗಳಿಗೂ ಒಂದು ಎಚ್ಚರಿಕೆ ಸಿಗುತ್ತಿತ್ತು. ಅಂದು ನಮ್ಮ ಅಂಗಳದಲ್ಲಿ, ನಮ್ಮ ಮಾತಿನಲ್ಲಿ ನಡೆಯಬೇಕಾಗಿದ್ದ ತಲಾಖ್‌ನ ಚರ್ಚೆ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು; 2019ರಲ್ಲಿ ಸಂಸತ್ತಿನಲ್ಲಿ, ನಮ್ಮ ಹಿತೈಷಿಗಳೆಂದು ನಾವು ನಂಬದವರ ಕೈಯಿಂದ, ಕಾನೂನಾಗಿ ಬಂತು. ನಾವು ಉತ್ತರಿಸದ ಪ್ರಶ್ನೆಗೆ ಇತರರು ಉತ್ತರ ಬರೆಯುತ್ತಾರೆ. ಆ ಉತ್ತರ ಹಿಡಿಸಲಿಲ್ಲವೆಂದು ದೂರುವ ಮುನ್ನ ನಮ್ಮ ಮೌನದ ಲೆಕ್ಕವನ್ನೂ ನಾವು ಒಪ್ಪಿಸಬೇಡವೇ?

'ಉತ್ತರ ಕೊಟ್ಟರೆ ಅವರಿಗೆ ಪ್ರಚಾರ ಕೊಟ್ಟಂತಾಗುವುದಿಲ್ಲವೇ' ಎಂದು ಕೇಳುವವರಿದ್ದಾರೆ. ಕೇವಲ ಬೈಗುಳಕ್ಕೆ ಉತ್ತರ ಕೊಡಬೇಕಾಗಿಲ್ಲ, ನಿಜ. ಆದರೆ ವಾದಕ್ಕೆ ಉತ್ತರ ಕೊಡದಿದ್ದರೆ ವಾದ ನಿಲ್ಲುತ್ತದೆ. 'ಕಳುಹಿಸಿದರೂ ಪ್ರಕಟಿಸುವುದಿಲ್ಲ' ಎಂಬ ದೂರೂ ಇದೆ. ಕೆಲವೊಮ್ಮೆ ಹಾಗೆ ಆಗುತ್ತದೆ, ನಮಗೂ ಆಗಿದೆ. ಆದರೆ ಒಂದು ಪತ್ರವನ್ನು ಬದಿಗಿಡುವ ಸಂಪಾದಕರಿಗೆ ನೂರು ಪತ್ರಗಳನ್ನು ಬದಿಗಿಡುವುದು ಸುಲಭವಲ್ಲ. 'ಅದು ವಿದ್ವಾಂಸರ ಕೆಲಸ' ಎಂಬುದು ಎಲ್ಲಕ್ಕಿಂತ ಸುಲಭದ ನೆಪ. ಮೀನು ಮಾರುವವನ ಬದುಕಿನ ಬಗ್ಗೆ ಅಂಕಣಕಾರ ತಪ್ಪು ಬರೆದರೆ ತಿದ್ದಬೇಕಾದವನು ಮೀನು ಮಾರುವವನೇ. ಶಿರವಸ್ತ್ರ ಧರಿಸಿ ಕಾಲೇಜಿಗೆ ಹೋಗುವ ಮಗಳ ಬಗ್ಗೆ ಯಾರೋ ತೀರ್ಪು ನೀಡಿದರೆ, ಉತ್ತರಿಸುವ ಅರ್ಹತೆ ಆ ಮಗಳಿಗೂ ಆಕೆಯ ತಾಯಿಗೂ ಇರುವಷ್ಟು ಬೇರಾರಿಗೆ ಇದೆ? ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ ಮಾತನಾಡುವ ನಾವು ಕನ್ನಡದಲ್ಲಿ ಬರೆಯಲು ಹಿಂಜರಿಯುತ್ತೇವೆ. ಬರೆಯದೆ ಆ ಹಿಂಜರಿಕೆ ಹೋಗುವುದು ಹೇಗೆ?

ಆದ್ದರಿಂದ ಪ್ರತಿ ಮನೆಯೂ ಒಂದು ರೂಢಿಯನ್ನು ಬೆಳೆಸಿಕೊಳ್ಳಲಿ ಎಂಬುದು ನಮ್ಮ ಆಗ್ರಹ. ವಾರಕ್ಕೊಮ್ಮೆ ಒಂದು ಬರಹವನ್ನು ಮನೆಯವರೆಲ್ಲ ಕುಳಿತು ಪೂರ್ತಿ ಓದಲಿ. ಲೇಖಕರು ಏನು ಹೇಳಿದ್ದಾರೆ ಎಂಬುದನ್ನು, ಅವರೇ ಕೇಳಿದರೂ ಹೌದೆನ್ನುವಂತೆ, ಮಕ್ಕಳು ಎರಡು ವಾಕ್ಯಗಳಲ್ಲಿ ಬರೆಯಲಿ. ಅದರಲ್ಲಿ ಸರಿಯಾದದ್ದನ್ನು ಮೊದಲು ಒಪ್ಪಿಕೊಳ್ಳಲಿ. ಬಳಿಕ ತಪ್ಪನ್ನು ಆಧಾರ ಸಹಿತ ಹೇಳಲಿ. ಗೊತ್ತಿಲ್ಲದ್ದನ್ನು ಪ್ರಶ್ನೆಯಾಗಿ ಕೇಳಲಿ. ಕೆಳಗೆ ಸ್ವಂತ ಹೆಸರು ಹಾಕಿ ಕಳುಹಿಸಲಿ. ಎದುರಾಳಿಗೆ ಮಾತ್ರವಲ್ಲ, ಮೆಚ್ಚಿದವರಿಗೂ ಬರೆಯಲಿ. ನಮ್ಮೂರಿನಲ್ಲೇ ಮೊದಲ ಕತೆ ಪ್ರಕಟಿಸಿದ ಹುಡುಗಿಗೂ ಬರೆಯಲಿ. ಈ ಪತ್ರಿಕೆಯಲ್ಲಿ ನಾವು ಬರೆದದ್ದೂ ಇದಕ್ಕೆ ಹೊರತಲ್ಲ. ನಾವು ತಪ್ಪಿದಲ್ಲಿ ತಿದ್ದಿ. ಇತರರ ತಪ್ಪಿಗೆ ಕೆರಳುವ ನಾವು ನಮ್ಮ ತಪ್ಪನ್ನು ತೋರಿಸಿಕೊಟ್ಟವರಿಗೆ ಕೃತಜ್ಞರಾಗಲು ಕಲಿಯದಿದ್ದರೆ, ಈ ಮಾತುಗಳಿಗೆ ಯಾವ ಅರ್ಥವೂ ಉಳಿಯದು.