ಲಕೋಟೆ ಒಡೆಯುವುದು ಯಾರ ಮೇಜಿನ ಮೇಲೆ?

"ಸರ್ವರ್ ಬಿಜಿ ಐತೆ ಯಮ್ಮಾ, ನಾಳೆ ಬರ್ರಿ." ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂಥ ಹೋಬಳಿ ಊರಿನಲ್ಲಿ ಈ ಮಾತಿಗೆ ಮೇಲ್ಮನವಿ ಇಲ್ಲ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಇದೇ ಮಾತು ಕೇಳಿಸಿತು. ಪಡಿತರ ಚೀಟಿ ತಿದ್ದುಪಡಿಗೆ ಅವಕಾಶ ಕೊಟ್ಟಾಗಲೆಲ್ಲ ಮತ್ತೆ ಕೇಳಿಸುತ್ತದೆ. ತಿಂಗಳಿಗೆ 2000 ರೂಪಾಯಿಯ ಅರ್ಜಿ ಹಾಕಲು ದಿನದ ಕೂಲಿ ಬಿಟ್ಟು ಬಂದವರು ಬರಿಗೈಲಿ ತಿರುಗಬೇಕು. 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ತಾಲ್ಲೂಕು ಇದು. ಅರ್ಜಿಯಲ್ಲಿ ಸರಿಯಾದ ಜಿಲ್ಲೆ ಹುಡುಕುವುದೇ ಒಂದು ಕೆಲಸ, ಅದರ ಮೇಲೆ ಇದು.

ಬಿಜಿ ಆಗಿದ್ದು ನಿಜವಾಗಿ ಸರ್ವರೇ ಎಂಬುದನ್ನು ಕಂಡುಹಿಡಿಯುವವರು ಬೆಂಗಳೂರಿನಲ್ಲೋ ಇನ್ನೆಲ್ಲೋ ಕೂತ ನೆಟ್‌ವರ್ಕ್ ಎಂಜಿನಿಯರುಗಳು. ಅವರೊಳಗೆ ಹಳೆಯದೊಂದು ಜಗಳವಿದೆ. ಅದರ ತೀರ್ಪು ಹೇಗೆ ಬಂದರೂ ತಟ್ಟುವುದು ತೆಲಿಗಿಯ ಸರತಿಗೆ. ಹಾಗಾಗಿ ಅದನ್ನು ಅವರಿಗೇ ಬಿಟ್ಟು ಸುಮ್ಮನಿರುವಂತಿಲ್ಲ.

ದೊಡ್ಡ ಜಾಲತಾಣದ ವಿಳಾಸ ಒತ್ತಿದಾಗ ಮೊದಲು ಸಿಗುವುದು ಲೋಡ್ ಬ್ಯಾಲೆನ್ಸರ್. ಹೊರಗಿನವರಿಗೆ ಅದು ಒಂದೇ ಯಂತ್ರದಂತೆ ತೋರಿಸುವ ವಿಳಾಸಕ್ಕೆ ವರ್ಚುವಲ್ ಸರ್ವರ್ ಎನ್ನುತ್ತಾರೆ. ಅದರ ಬೆನ್ನಿಗೆ ನಾಲ್ಕೋ ನಲವತ್ತೋ ನಿಜವಾದ ಸರ್ವರುಗಳಿರುತ್ತವೆ, ಬಂದ ಕೆಲಸವನ್ನು ಇದು ಅವುಗಳಿಗೆ ಹಂಚುತ್ತದೆ. ಎಚ್‌ಟಿಟಿಪಿಎಸ್‌ನಲ್ಲಿ ಬರುವ ಪ್ರತಿ ಕೋರಿಕೆಯೂ ಮೊಹರು ಮಾಡಿದ ಲಕೋಟೆ. ಅದನ್ನು ಬಾಗಿಲಲ್ಲೇ ಒಡೆದು ಓದಿ ಒಳಗೆ ಕಳಿಸಬೇಕೋ, ಮೊಹರು ಮುಟ್ಟದೆ ಒಳಗಿನ ಸರ್ವರಿನ ಮೇಜಿಗೇ ತಲುಪಿಸಬೇಕೋ ಎನ್ನುವುದೇ ಜಗಳ.

ಬಾಗಿಲಲ್ಲೇ ಒಡೆಯಿರಿ ಎನ್ನುವವರ ಮೊದಲ ಮಾತು: ಕಾಣದೆ ಇದ್ದದ್ದನ್ನು ರಿಪೇರಿ ಮಾಡಲಾಗದು. ಮುಂಚೆ ಸರ್ವರಿನ ಖಾಸಗಿ ಕೀಲಿ ಕೈಯಲ್ಲಿದ್ದರೆ, ತಂತಿಯ ಮೇಲೆ ಸೆರೆಹಿಡಿದ ಪ್ಯಾಕೆಟ್‌ಗಳನ್ನು ವೈರ್‌ಶಾರ್ಕ್‌ನಲ್ಲಿ ಬಿಚ್ಚಿ ಓದಬಹುದಿತ್ತು. ಈಗ ಪ್ರತಿ ಸಂಪರ್ಕಕ್ಕೂ ಹೊಸ ತಾತ್ಕಾಲಿಕ ಕೀಲಿ ಹುಟ್ಟುತ್ತದೆ, ಆ ಹಳೆಯ ದಾರಿ ಮುಚ್ಚಿದೆ. 2018ರ ಟಿಎಲ್‌ಎಸ್ 1.3 ಆವೃತ್ತಿಯ ಮೊಹರಿನಲ್ಲಂತೂ ಸರ್ವರ್ ತನ್ನ ಗುರುತಿಗಾಗಿ ತೋರಿಸುವ ಸರ್ಟಿಫಿಕೇಟ್ ಕೂಡ ಮುಚ್ಚಿಕೊಂಡೇ ಸಾಗುತ್ತದೆ. ನಡುವೆ ಕೂತು ನೋಡುವವನಿಗೆ ಸಿಗುವುದು ಆರಂಭದ ಒಂದು ನಮಸ್ಕಾರ, ಅದರಲ್ಲಿ ತಾಣದ ಹೆಸರು, ಆಮೇಲೆ ಸಂಪರ್ಕ ಕಡಿದ ಸುದ್ದಿ. ಯಾಕೆ ಕಡಿಯಿತು ಎಂಬುದಕ್ಕೆ ಸಾಕ್ಷಿಯೇ ಇಲ್ಲ.

ಎರಡನೆಯ ಮಾತಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2025ರ ಆರಂಭದಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶ ಕುಂಟಿತು, ಆಸ್ತಿ ನೋಂದಣಿಗೆ ಬಂದವರು ಉಪನೋಂದಣಿ ಕಚೇರಿಗಳಲ್ಲಿ ಕಾದರು. ಅದು ಡಿಡಿಒಎಸ್ ದಾಳಿ, ಅಂದರೆ ಕೋರಿಕೆಗಳ ಪ್ರವಾಹ ಹರಿಸಿ ತಾಣವನ್ನು ಮುಳುಗಿಸುವ ದಾಳಿ ಎಂದು ಸರ್ಕಾರ ಹೇಳಿತು. ನಕಲಿ ಖಾತೆಗಳನ್ನು ತೆರೆದು, ಋಣಭಾರ ಪತ್ರದ ಹುಡುಕಾಟವನ್ನೇ ಯಂತ್ರದಿಂದ ಮತ್ತೆ ಮತ್ತೆ ಒತ್ತಿಸಿದ್ದರು. ಹೊರಗಿನಿಂದ ನೋಡಿದರೆ ಇಂಥ ಕೋರಿಕೆಗೂ ಪಹಣಿ ಹಿಡಿದು ಬಂದ ರೈತನ ಕೋರಿಕೆಗೂ ವ್ಯತ್ಯಾಸವಿಲ್ಲ, ಎರಡೂ ಮುಚ್ಚಿದ ಲಕೋಟೆಗಳೇ. ಒಳಗೇನಿದೆ ಎಂದು ಬಾಗಿಲಲ್ಲಿ ಓದಬಲ್ಲ ಯಂತ್ರ ಮಾತ್ರ ಒಬ್ಬನೇ ನೂರು ಸಲ ಕೇಳುತ್ತಿದ್ದಾನೆ ಎಂದು ಹಿಡಿದು ನಿಲ್ಲಿಸಬಲ್ಲದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಒಡೆದು ಓದುವ ಲೋಡ್ ಬ್ಯಾಲೆನ್ಸರ್ ಬಂದವನ ಐಪಿ ವಿಳಾಸವನ್ನು ಕೋರಿಕೆಗೇ ಅಂಟಿಸಿ ಒಳಗೆ ಕಳಿಸುತ್ತದೆ. ಒಡೆಯದೆ ದಾಟಿಸುವ ಕಡೆ, ಬೇರೆ ಏರ್ಪಾಡು ಮಾಡದಿದ್ದರೆ, ಒಳಗಿನ ಲಾಗ್‌ನಲ್ಲಿ ಎಲ್ಲರೂ ಲೋಡ್ ಬ್ಯಾಲೆನ್ಸರಿನ ವಿಳಾಸದಿಂದಲೇ ಬಂದಂತೆ ದಾಖಲಾಗುವುದುಂಟು.

ಇನ್ನು ಎದುರು ಪಕ್ಷ. ಅವರ ಮಾತು ಕೇಳಿದರೆ ನಿದ್ದೆ ಕೆಡುತ್ತದೆ. 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಯ ಒಂದು ಕೈಬರಹದ ಚಿತ್ರ ಅಚ್ಚು ಮಾಡಿತು. ಅದರಲ್ಲಿ ಗೂಗಲ್‌ನ ಮುಂಬಾಗಿಲ ಸರ್ವರಿಗೆ ಬಾಣದ ಗುರುತು ಹಾಕಿ, ಎಸ್‌ಎಸ್‌ಎಲ್ (ಈ ಮೊಹರಿನ ಹಳೆಯ ಹೆಸರು) ಸೇರುವುದೂ ಕಳಚುವುದೂ ಇಲ್ಲೇ ಎಂದು ಬರೆದು ಪಕ್ಕದಲ್ಲೊಂದು ನಗುಮುಖ ಬಿಡಿಸಿತ್ತು. ಬಾಗಿಲ ಆಚೆ ಎಷ್ಟೇ ಭದ್ರವಿರಲಿ, ಒಳಗಿನ ತಂತಿಗಳಲ್ಲಿ ಎಲ್ಲವೂ ಬಿಚ್ಚಿಕೊಂಡು ಹರಿಯುತ್ತಿತ್ತು. ಗೂಗಲ್ ತನ್ನ ಡೇಟಾ ಸೆಂಟರುಗಳ ನಡುವಣ ಸಂಚಾರವನ್ನೂ ಮುಚ್ಚುವ ಕೆಲಸಕ್ಕೆ ಅದೇ ವರ್ಷ ವೇಗ ಕೊಟ್ಟಿತ್ತು.

ಅಲ್ಲದೆ ಒಡೆಯುವ ಮೇಜೇ ಕಳ್ಳನ ಗುರಿಯಾಗುತ್ತದೆ. 2017ರಲ್ಲಿ ಬಯಲಾದ ಟಿಕೆಟ್‌ಬ್ಲೀಡ್ ದೋಷದಿಂದ ಎಫ್5 ಕಂಪನಿಯ ಬಿಗ್-ಐಪಿ ವರ್ಚುವಲ್ ಸರ್ವರುಗಳು ಒಂದು ಸಲಕ್ಕೆ 31 ಬೈಟುಗಳಷ್ಟು ನೆನಪನ್ನು ಸೋರಿಸುತ್ತಿದ್ದವು. 2023ರಲ್ಲಿ ಸಿಟ್ರಿಕ್ಸ್ ನೆಟ್‌ಸ್ಕೇಲರ್ ಸಾಧನಗಳಲ್ಲಿ ಕಂಡ ಸಿಟ್ರಿಕ್ಸ್‌ಬ್ಲೀಡ್ ಇನ್ನೂ ಕೆಟ್ಟದ್ದು. ಲಾಗಿನ್ ಆದವರ ಸೆಷನ್ ಗುರುತನ್ನೇ ಕದ್ದು, ಪಾಸ್‌ವರ್ಡ್ ಇಲ್ಲದೆ ಒಳನುಗ್ಗಬಹುದಿತ್ತು. ತೆಲಿಗಿಯ ಒಬ್ಬ ಅಜ್ಜಿಯ ಬ್ಯಾಂಕ್ ಖಾತೆ ಸಂಖ್ಯೆ, ಪಡಿತರ ಚೀಟಿ ಸಂಖ್ಯೆ, ಫೋನ್ ನಂಬರ್ ಎಲ್ಲ ಒಂದೇ ಕೋರಿಕೆಯಲ್ಲಿ ಹೋಗುವಾಗ, ಅದನ್ನು ಓದಬಲ್ಲವರ ಸಂಖ್ಯೆ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ.

ಆದರೆ ಮೊಹರು ಮುಟ್ಟದ ಈ ದಾರಿಯಲ್ಲಿ ದೋಷ ಹುಡುಕುವುದು ಹೇಗಿರುತ್ತದೆ ನೋಡಿ. ಒಳಗೆ ನಾಲ್ಕು ಸರ್ವರ್ ಇವೆ ಎನ್ನೋಣ. ಸರ್ಟಿಫಿಕೇಟ್ ನವೀಕರಿಸುವಾಗ ಒಂದು ಉಳಿದುಹೋಯಿತು. ಅವಧಿ ಮುಗಿದ ಬೆಳಿಗ್ಗೆಯಿಂದ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಬ್ರೌಸರ್ ಕೆಂಪು ತ್ರಿಕೋನ ತೋರಿಸುತ್ತದೆ. ಕೇಂದ್ರದ ಹುಡುಗ ಇನ್ನೊಂದು ಸಲ ಒತ್ತುತ್ತಾನೆ, ಈ ಸಲ ಬೇರೆ ಸರ್ವರ್ ಸಿಕ್ಕಿ ಕೆಲಸ ಆಗಿಬಿಡುತ್ತದೆ. ಅವನ ಲೆಕ್ಕದಲ್ಲಿ ಸರ್ವರ್ 'ಬಿಜಿ' ಇತ್ತು, ಈಗ 'ಬಂತು'. ಲೋಡ್ ಬ್ಯಾಲೆನ್ಸರಿನ ಆರೋಗ್ಯ ತಪಾಸಣೆ ಬರೀ 443ನೇ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುತ್ತಿದ್ದರೆ ನಾಲ್ಕೂ ಹಸಿರಾಗಿಯೇ ಇರುತ್ತವೆ. ಎಂಜಿನಿಯರು 'ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್' ಆಜ್ಞೆಯನ್ನು ತಾಣದ ಹೆಸರು ಕೊಟ್ಟು ಮೊದಲು ವರ್ಚುವಲ್ ಸರ್ವರಿಗೆ, ಆಮೇಲೆ ಒಂದೊಂದೇ ಸರ್ವರಿಗೆ ಓಡಿಸಿ, ಬಂದ ದಿನಾಂಕಗಳನ್ನು ಹೋಲಿಸುವವರೆಗೆ ಗುಟ್ಟು ಬಯಲಾಗದು. ಬಾಗಿಲಲ್ಲೇ ಒಡೆಯುವಲ್ಲಿ ಹೊರಗೆ ತೋರುವ ಸರ್ಟಿಫಿಕೇಟ್ ಒಂದೇ. ಕೆಟ್ಟರೆ ಎಲ್ಲರಿಗೂ ಕೆಡುತ್ತದೆ, ಬೇಗ ಗೊತ್ತಾಗುತ್ತದೆ.

ಎರಡು ಪಕ್ಷಕ್ಕೂ ಸಂಬಂಧಿಸದ ತಪ್ಪುಗಳೂ ಇವೆಯೆನ್ನಿ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ಗುಂಡು ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದ ಮೇಲೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆಗ ಸರಿಯಾದ ಸರ್ಟಿಫಿಕೇಟ್ ಕೂಡ ಬ್ರೌಸರಿಗೆ 'ಇನ್ನೂ ಹುಟ್ಟದ್ದು'. ಇದಕ್ಕೆ ಬೆಂಗಳೂರಿನಲ್ಲಿ ಎಷ್ಟು ಹುಡುಕಿದರೂ ಉತ್ತರ ಸಿಗದು, ಬ್ಯಾಟರಿ ಬದಲಿಸಬೇಕು ಅಷ್ಟೆ.

ನಡುದಾರಿಯೂ ಇದೆ: ಬಾಗಿಲಲ್ಲಿ ಒಡೆದು, ಓದಿ, ಮತ್ತೆ ಮೊಹರು ಹಾಕಿ ಒಳಗೆ ಕಳಿಸುವುದು. ಕೇಳಲು ಚೆನ್ನ. ಆದರೆ ಹ್ಯಾಂಡ್‌ಶೇಕ್ ಎಂಬ ಆ ಆರಂಭದ ನಮಸ್ಕಾರ ಎರಡು ಕಡೆ, ಅವಧಿ ಮುಗಿಯುವ ಸರ್ಟಿಫಿಕೇಟ್‌ಗಳೂ ಎರಡು ಕಡೆ. ಹಲವು ಉಪಕರಣಗಳಲ್ಲಿ ಒಳಗಿನ ಸರ್ವರಿನ ಸರ್ಟಿಫಿಕೇಟನ್ನು ಪರಿಶೀಲಿಸುವ ಆಯ್ಕೆ ಮೊದಲಿಗೆ ಆರಿಯೇ ಇರುತ್ತದೆ, ಅಂದರೆ ಮೊಹರು ಇದೆ, ಯಾರಿಗೆ ಕೊಟ್ಟೆವು ಎಂಬ ಖಾತ್ರಿ ಇಲ್ಲ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಆಯುಷ್ಯವನ್ನು 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಸಲು, ಅವನ್ನು ಕೊಡುವವರ ಮತ್ತು ಬ್ರೌಸರ್ ಕಂಪನಿಗಳ ಕೂಟವಾದ ಸಿಎ/ಬ್ರೌಸರ್ ಫೋರಂ 2025ರಲ್ಲಿ ತೀರ್ಮಾನಿಸಿದೆ. ಕೈಯಾರೆ ನವೀಕರಿಸುವ ಇಲಾಖೆಗಳಿಗೆ ಆಗ ಉಸಿರು ಬಿಡಲೂ ಪುರಸೊತ್ತಿರದು.

ಹಾಗಿದ್ದೂ ನನ್ನ ಒಲವು ನಡುದಾರಿಯ ಕಡೆಗೇ, ಒಂದು ಕರಾರಿನೊಂದಿಗೆ: ತೀರ ಗುಟ್ಟಿನದ್ದಕ್ಕೆ ಹುಟ್ಟಿದಲ್ಲೇ ಬೇರೆ ಮೊಹರು ಬೀಳಬೇಕು. ಆಧಾರ್ ಇದನ್ನು ಆಗಲೇ ಮಾಡುತ್ತಿದೆ. ಗ್ರಾಮ ಒನ್ ಮೇಜಿನ ಮೇಲಿನ ಬೆರಳಚ್ಚು ಸಾಧನ, ನೋಂದಾಯಿತ ಸಾಧನದ ನಿಯಮದಂತೆ, ಬೆರಳಿನ ಮಾಹಿತಿಯನ್ನು ಆಧಾರ್ ಪ್ರಾಧಿಕಾರ ಯುಐಡಿಎಐ ಮಾತ್ರ ಬಿಚ್ಚಬಲ್ಲಂತೆ ಮುಚ್ಚಿಯೇ ಬ್ರೌಸರಿಗೆ ಕೊಡುತ್ತದೆ. ದಾರಿಯ ಯಾವ ಲೋಡ್ ಬ್ಯಾಲೆನ್ಸರ್ ಹೊರ ಲಕೋಟೆ ಒಡೆದರೂ ಬೆರಳಚ್ಚು ಒಳ ಲಕೋಟೆಯಲ್ಲೇ ಇರುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಗೆ ಇಂಥ ಗೌರವ ಯಾಕಿಲ್ಲ ಎಂದು ಕೇಳಬಹುದು. ಮೊಹರು ಮುಟ್ಟಬೇಡಿ ಎನ್ನುವವರು ಇದಕ್ಕೆ ಕೊಡುವ ಉತ್ತರವೂ ಸರಿಯಾದದ್ದೇ: ಒಳ ಲಕೋಟೆ ಹಾಕಲು ಪ್ರತಿ ತಂತ್ರಾಂಶವನ್ನೂ ತಿದ್ದಿ ಬರೆಯಬೇಕು, ಹಳೆಯ ಅರ್ಜಿ ತಂತ್ರಾಂಶಗಳನ್ನು ತಿದ್ದಲು ಯಾರು ಕೂತಿದ್ದಾರೆ?

ನನ್ನನ್ನು ವಾಲಿಸಿದ್ದು ಬೇರೊಂದು ಸಣ್ಣ ಸಂಗತಿ. ಲಕೋಟೆ ಒಡೆಯಲಾಗದ ಲೋಡ್ ಬ್ಯಾಲೆನ್ಸರಿಗೆ, ಒಳಗಿನ ಸರ್ವರುಗಳೆಲ್ಲ ಕೂತುಹೋದಾಗ ಏನನ್ನೂ ಹೇಳುವ ಶಕ್ತಿಯಿಲ್ಲ, ಸಂಪರ್ಕ ಕಡಿಯುತ್ತದೆ ಅಷ್ಟೆ. ತೆಲಿಗಿಯ ಪರದೆಯ ಮೇಲೆ ಬ್ರೌಸರಿನ ಇಂಗ್ಲಿಷ್ ದೂರು ಮಾತ್ರ ಉಳಿಯುತ್ತದೆ. ಒಡೆಯಬಲ್ಲದ್ದು ತಾನೇ ಒಂದು ಪುಟ ತೋರಿಸಬಲ್ಲದು: ಸೇವೆ ನಿಂತಿದೆ, ನಿಮ್ಮ ಇಂಟರ್‌ನೆಟ್ ಸರಿಯಿದೆ, ಮಧ್ಯಾಹ್ನ ಮೂರರ ಮೇಲೆ ಬನ್ನಿ, ಸಹಾಯವಾಣಿಗೆ ಈ ಸಂಖ್ಯೆ ಹೇಳಿ. ಅದನ್ನು ಕನ್ನಡದಲ್ಲಿ ಬರೆದಿಡಲು ಹೊಸ ಯಂತ್ರವೂ ಬೇಡ, ಟೆಂಡರೂ ಬೇಡ.