ಮುನ್ನೂರು ರೂಪಾಯಿ ಕಥೆ ಸಾಕು ಮಾಡ್ರಪ್ಪಾ

ಸಿನಿಮಾದವರ ಯಾವ ಸಂದರ್ಶನ ಬೇಕಾದ್ರೂ ನೋಡಿ, ಹತ್ತನೇ ನಿಮಿಷಕ್ಕೆ ಆ ಪ್ರಶ್ನೆ ಬಂದೇ ಬರುತ್ತೆ. 'ಆ ದಿನಗಳಲ್ಲಿ ಊಟಕ್ಕೂ ಕಷ್ಟ ಇತ್ತಂತಲ್ಲ ಸಾರ್?' ಎದುರಿಗೆ ಕೂತವರು ಒಂದು ಕ್ಷಣ ಸುಮ್ಮನಾಗ್ತಾರೆ. ಆಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಮಲಗಿದ್ದು, ಬನ್ನು-ಟೀಯಲ್ಲಿ ದಿನ ದೂಡಿದ್ದು ಎಲ್ಲ ಬರುತ್ತೆ. ಹಿಂದೆ ಪಿಟೀಲು ಶುರು.

ನನಗೆ ಈ ಕಥೆಗಳ ಮೇಲೆ ಸಿಟ್ಟಿದೆ. ಸುಳ್ಳು ಅಂತಲ್ಲ. ಮುನ್ನೂರು ರೂಪಾಯಿ ಇಟ್ಕೊಂಡು ಬೆಂಗಳೂರಿಗೆ ಬಂದೆ ಅಂತ ಯಶ್ ಅವರೇ ಹೇಳಿದ್ದಾರೆ. ನಮ್ಮ ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಬಸ್ ಡ್ರೈವರ್ ಮಗ 'ಕೆಜಿಎಫ್' ತನಕ ಹೋದ ಅಂದ್ರೆ ಹಾನುಬಾಳಿನ ಅಂಗಡಿ ಕಟ್ಟೆ ಮೇಲೆ ಕೂತವರಿಗೂ ಎದೆ ಉಬ್ಬುತ್ತೆ, ನನಗೂ ಉಬ್ಬುತ್ತೆ. ರಿಷಬ್ ಶೆಟ್ಟಿ ನೀರಿನ ಕ್ಯಾನ್ ಮಾರಿದ್ದೂ ನಿಜ. ನನ್ನ ತಕರಾರು ಆ ಕಥೆಯನ್ನ ಗಾಂಧಿನಗರ ಯಾತಕ್ಕೆ ಬಳಸ್ಕೊಳ್ಳುತ್ತೆ ಅನ್ನೋದರ ಬಗ್ಗೆ. ಹೊಸ ಹುಡುಗ ಸಂಬಳ ಕೇಳಿದ ತಕ್ಷಣ ಅವನ ಮುಂದೆ ಇಡೋದು ಅದೇ ಕಥೆ. 'ನಾವೆಲ್ಲ ಹೆಂಗೆ ಬಂದ್ವಿ ಗೊತ್ತಾ? ನೀನು ಕಲಿಯೋಕೆ ಬಂದಿದ್ದೀಯೋ, ದುಡ್ಡು ಮಾಡೋಕೆ ಬಂದಿದ್ದೀಯೋ?'

ನಮ್ಮೂರ ಕಡೆಯ ಒಬ್ಬ ಹುಡುಗ. ಅಪ್ಪ-ಅಮ್ಮ ಎಸ್ಟೇಟಿನ ಲೈನ್ ಮನೆಯಲ್ಲಿರೋರು. ಹಾಸನದಲ್ಲಿ ಡಿಗ್ರಿ ಮುಗಿಸಿ ಡೈರೆಕ್ಟರ್ ಆಗ್ತೀನಿ ಅಂತ ಬಂದ. ಒಂದು ಸಿನಿಮಾಗೆ ಹನ್ನೊಂದು ತಿಂಗಳು ದುಡಿದ. ಕ್ಲಾಪ್ ಹೊಡೆದ, ಕಂಟಿನ್ಯೂಟಿ ಬರೆದ, ಆರ್ಟಿಸ್ಟುಗಳಿಗೆ ಡೈಲಾಗ್ ಓದಿ ಹೇಳಿದ, ರಾತ್ರಿ ಡೈರೆಕ್ಟರ್ ಕಾರಿಗೆ ಪೆಟ್ರೋಲನ್ನೂ ಹಾಕಿಸ್ಕೊಂಡು ಬಂದ. ಶೂಟಿಂಗ್ ಇದ್ದ ದಿನ ಊಟ, ಒಂಚೂರು ಬಾಟಾ. ಇಲ್ಲದ ದಿನ ಏನೂ ಇಲ್ಲ. ಪೇಮೆಂಟ್ ಅಂದ್ರೆ 'ರಿಲೀಸ್ ಆಗ್ಲಿ ತಡಿ'. 'ಅಣ್ಣಾ, ಪಿಜಿಯವರು ಬ್ಯಾಗ್ ಹೊರಗಿಡ್ತೀನಿ ಅಂತಿದಾರೆ' ಅಂತ ಒಂದಿನ ಫೋನ್ ಮಾಡಿದ್ದ. ಈಗ ಸಕಲೇಶಪುರದ ಒಂದು ಮೊಬೈಲ್ ಅಂಗಡಿಯಲ್ಲಿದ್ದಾನೆ. ಅವನ ಜೊತೆಗೇ ಸೇರಿದ್ದ ಇನ್ನೊಬ್ಬನಿಗೆ ಊರಲ್ಲಿ ಕಾಫಿ ತೋಟ ಇದೆ, ಅವನೀಗ ಅಸೋಸಿಯೇಟ್ ಡೈರೆಕ್ಟರ್. ಇಬ್ಬರಲ್ಲಿ ಯಾರಿಗೆ ಹೆಚ್ಚು ಸಿನಿಮಾ ಗೊತ್ತಿತ್ತು ಅಂತ ಹೇಳೋಕೆ ನಾನ್ಯಾರು? ತಿಂಗಳಾ ತಿಂಗಳಾ ಬಾಡಿಗೆ ಕಳಿಸೋ ಅಪ್ಪ ಯಾರಿಗಿದ್ದ ಅನ್ನೋದು ಮಾತ್ರ ಗೊತ್ತು.

ಕಷ್ಟಪಟ್ಟವರಷ್ಟೇ ಗೆಲ್ತಾರೆ ಅಂತೀವಲ್ಲ, ಅದು ಹೀಗೆ ನಡೆಯುತ್ತೆ. ಸಂಬಳವಿಲ್ಲದೆ ಐದು ವರ್ಷ ತಳ್ಳೋಕೆ ಆಗೋರು ಉಳೀತಾರೆ. ಉಳಿದವರಲ್ಲಿ ಅಪರೂಪಕ್ಕೆ ಒಬ್ಬ ನಿಜವಾಗ್ಲೂ ಬಡವ ಇರ್ತಾನೆ, ಅವನನ್ನ ಕರೆದು ಸಂದರ್ಶನ ಮಾಡ್ತೀವಿ. ವಾಪಸ್ ಬಸ್ ಹತ್ತಿದವರನ್ನ ಯಾರೂ ಕೇಳಲ್ಲ.

ತೋಟದ ಕೆಲಸದವರ ಸ್ಥಿತಿ ಸ್ವರ್ಗವೇನಲ್ಲ, ಅಲ್ಲೇ ಬೆಳೆದವನು ನಾನು. ಆದರೂ ವಾರದ ಬಟವಾಡೆ ಅಂತ ಒಂದಿದೆ. ಕಾಫಿ ರೇಟು ಬಿದ್ದಿದೆ, ಮುಂದಿನ ವರ್ಷ ಕೊಡ್ತೀನಿ ಅಂತ ಯಾವ ಸಾಹುಕಾರನಾದ್ರೂ ಹೇಳಿದ್ರೆ ಮಾರನೇ ದಿನ ತೋಟಕ್ಕೆ ಆಳು ಬರಲ್ಲ. ನಮ್ಮ ಬೆಟ್ಟಗಳಿಗೆ ಸಿನಿಮಾದವರು ಬಂದಾಗಲೂ ಅಷ್ಟೇ. ಜೀಪಿನವನು ಸಂಜೆಗೆ ಬಾಡಿಗೆ ಎಣಿಸ್ಕೊಳ್ತಾನೆ, ಹೋಂಸ್ಟೇಯವನು ಅಡ್ವಾನ್ಸ್ ಇಲ್ಲದೆ ಬೀಗ ತೆಗೆಯಲ್ಲ. ಆ ಇಡೀ ಗುಂಪಲ್ಲಿ ದುಡ್ಡು ಕೇಳಬಾರದವನು ಒಬ್ಬನೇ, ಮಳೆಯಲ್ಲಿ ಕ್ಲಾಪ್ ಬೋರ್ಡ್ ಹಿಡ್ಕೊಂಡು ನಿಂತ ಹುಡುಗ. ನಮ್ಮ ಐಟಿಯಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತರೂ ಸಂಬಳ ಬರುತ್ತೆ ಸ್ವಾಮಿ.

'ಕಲೆ ಅಂದ್ರೆ ಹಸಿವು' ಅನ್ನೋರಿಗೆ ಒಂದು ಹಳೇ ವಿಷಯ. ಗಾಜನೂರಿನ ರಾಜ್‌ಕುಮಾರ್ ಕೆಲಸ ಕಲಿತಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ. ಅಪ್ಪ ಪುಟ್ಟಸ್ವಾಮಯ್ಯನೂ ಅದೇ ಕಂಪನಿಯ ನಟ. 1954ರಲ್ಲಿ 'ಬೇಡರ ಕಣ್ಣಪ್ಪ' ಬರೋ ಹೊತ್ತಿಗೆ ಅವರ ಹಿಂದೆ ಬಾಲ್ಯದಿಂದ ಮಾಡಿದ ರಂಗದ ಕೆಲಸ ಇತ್ತು. ಬಡತನ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಕಲಾವಿದರಿಗೆ ಉಳಿಯೋಕೆ ಕಂಪನಿ ಮನೆ, ಉಣ್ಣೋಕೆ ಎಲೆ ಇರ್ತಿತ್ತು. ಯಶ್‌ಗೂ ಆ ಮುನ್ನೂರು ರೂಪಾಯಿ ಕಾಪಾಡಲಿಲ್ಲ. 'ಬೆನಕ' ಅನ್ನೋ ನಾಟಕ ತಂಡ ಬ್ಯಾಕ್‌ಸ್ಟೇಜಿನಲ್ಲಿ ಜಾಗ ಕೊಟ್ಟಿತ್ತು. ಹಾಗೆ ಒಳಗೆ ಕರ್ಕೊಂಡವರ ಬಗ್ಗೆ ಅರ್ಧ ನಿಮಿಷ, ಹಸಿವಿನ ಬಗ್ಗೆ ಅರ್ಧ ಗಂಟೆ.

ಕಾನೂನು ಇಲ್ವಾ ಅಂದ್ರೆ ಇತ್ತು. 1981ರಲ್ಲೇ ಸಂಸತ್ತು ಸಿನಿಮಾ ಕೆಲಸಗಾರರಿಗೆ ಅಂತಲೇ ಕಾಯ್ದೆ ಮಾಡಿತು, ಲಿಖಿತ ಒಪ್ಪಂದ ಇಲ್ಲದೆ ಕೆಲಸಕ್ಕೆ ಇಟ್ಕೊಳ್ಳೋ ಹಾಗಿಲ್ಲ ಅಂತ. ನಮ್ಮ ಹುಡುಗನ ಹತ್ರ ಹನ್ನೊಂದು ತಿಂಗಳಿಗೆ ಇದ್ದ ಒಂದೇ ದಾಖಲೆ ವಾಟ್ಸಾಪ್ ಗ್ರೂಪು, ಅದರಿಂದಲೂ ತೆಗೆದುಹಾಕಿದ್ರು. 2024ರಲ್ಲಿ ನಮ್ಮ ರಾಜ್ಯ ಟಿಕೆಟ್ ಮೇಲೆ ಸೆಸ್ ಹಾಕಿ ಕಲಾವಿದರ, ಕಾರ್ಮಿಕರ ಕಲ್ಯಾಣ ನಿಧಿ ಮಾಡೋಕೆ ಮಸೂದೆ ತಂತು. ಒಳ್ಳೇದೇ. ಆದ್ರೆ ಕೂಲಿ ಬೇರೆ, ಕಲ್ಯಾಣ ಬೇರೆ.

'ಸಣ್ಣ ಪ್ರೊಡ್ಯೂಸರ್ ಹತ್ರ ದುಡ್ಡೆಲ್ಲಿರುತ್ತೆ?' ಲೈಟಿನ ಬಾಡಿಗೆಗೆ ಇರುತ್ತಲ್ಲ? ಕೊಡದಿದ್ರೆ ಲೈಟ್ ಉರಿಯಲ್ಲ, ಅದಕ್ಕೆ ಇರುತ್ತೆ. 'ಹಾಗಾದ್ರೆ ಊರಲ್ಲೇ ಸಿನಿಮಾ ಮಾಡ್ಲಿ' ಅನ್ನೋರೂ ಇದ್ದಾರೆ. ಮಂಡ್ಯದ ಹಳ್ಳಿಯವರನ್ನೇ ಇಟ್ಕೊಂಡು ಮಾಡಿದ 'ತಿಥಿ' 2015ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಗೆದ್ದಿತು, ಕೊಪ್ಪಳ ಜಿಲ್ಲೆಯ 'ಶಿವಮ್ಮ' 2022ರಲ್ಲಿ ಬುಸಾನಿನಲ್ಲಿ ಗೆದ್ದಿತು. ನನಗೆ ಎರಡೂ ಇಷ್ಟ. ಆದ್ರೆ ಅಂಥ ಸಿನಿಮಾ ವರ್ಷಕ್ಕೆ ಎಷ್ಟು ಬರುತ್ತೆ ಮಾರಾಯ? ಕೆಲಸ ಬೇಕು ಅಂದ್ರೆ ಇವತ್ತಿಗೂ ಬೆಂಗಳೂರಿನ ಬಸ್ಸೇ ಹತ್ತಬೇಕು.

ಇನ್ನೊಂದು ಮಾತು, ಇದು ನಮಗೆ, ಸಂಬಳದ ಎಸ್ಸೆಮ್ಮೆಸ್ ಬರೋ ಜನಕ್ಕೆ. ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿದ ಪವನ್ ಕುಮಾರ್ ಅವರ 'ಲೂಸಿಯಾ' 2013ರಲ್ಲಿ ಬಂತಲ್ಲ, ಅವತ್ತಿಂದ ಕನ್ನಡ ಸಿನಿಮಾಗೆ ಒಂದಿಷ್ಟು ಹಣ ಹಾಕೋ ಆಸೆ ನಮ್ಮ ಆಫೀಸುಗಳಲ್ಲಿ ಬಹಳ ಜನಕ್ಕಿದೆ. ಹಾಕಿ. ಹಾಕೋ ಮುಂಚೆ ಬಜೆಟ್ ಶೀಟ್ ಕೇಳಿ ತಗೊಳ್ಳಿ. ಕ್ಯಾಮೆರಾ ಬಾಡಿಗೆ, ಡ್ರೋನ್, ಪ್ರಮೋಷನ್ ಎಲ್ಲ ಇರುತ್ತೆ. ಅಸಿಸ್ಟೆಂಟ್ ಡೈರೆಕ್ಟರ್ ಅನ್ನೋ ಸಾಲಿನ ಎದುರಿಗೆ ತಿಂಗಳಿಗೆ ಎಷ್ಟು ಅಂತ ಬರೆದಿದ್ದಾರೋ ನೋಡಿ. ಅಲ್ಲಿ ಬರೀ ಅಡ್ಡಗೆರೆ ಇದ್ರೆ ಚೆಕ್ ಬರೀಬೇಡಿ.