ಪ್ರೆಸ್ ಕೆಲಸದ ದರಪಟ್ಟಿಯಲ್ಲಿ ಕಾಣದ ಡೈ

ಮೈಸೂರಿನ ಹೆಬ್ಬಾಳು, ಹೂಟಗಳ್ಳಿ, ಮೇಟಗಳ್ಳಿ, ಬೆಳವಾಡಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಲೋಹದ ತಗಡನ್ನು ಪ್ರೆಸ್‌ನಲ್ಲಿ ಒತ್ತಿ ಬಿಡಿಭಾಗ ತಯಾರಿಸುವ ಉದ್ಯಮಕ್ಕೆ ವಿಶೇಷ ಸ್ಥಾನವಿದೆ. ಈ ಕೆಲಸದ ನಿಖರತೆ ಇರುವುದು ಯಂತ್ರಕ್ಕಿಂತ ಹೆಚ್ಚಾಗಿ ಡೈನಲ್ಲಿ. ಎರಡು ಮಿಲಿಮೀಟರ್ ದಪ್ಪದ ಸಾಮಾನ್ಯ ಉಕ್ಕಿನ ತಗಡಿಗೆ ಪಂಚ್ ಮತ್ತು ಡೈಗಳ ನಡುವೆ ಪ್ರತಿ ಬದಿಯಲ್ಲಿ ಬಿಡಬೇಕಾದ ಅಂತರ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅಂಚು ಸವೆದಂತೆ ಬಿಡಿಭಾಗದ ಮೇಲೆ ಬರ್ ಏಳುತ್ತದೆ. ಡೈಯನ್ನು ಮತ್ತೆ ಗ್ರೈಂಡ್ ಮಾಡಬೇಕಾಗುತ್ತದೆ. ಪ್ರತಿ ಗ್ರೈಂಡಿಂಗ್‌ನೊಡನೆ ಅದರ ಆಯುಷ್ಯವೂ ಕುಗ್ಗುತ್ತದೆ. ಹೀಗಿದ್ದರೂ ಅನೇಕ ದರಪಟ್ಟಿಗಳಲ್ಲಿ ತಗಡಿನ ಬೆಲೆ, ಒತ್ತುವ ಕೂಲಿ, ಸಾಗಣೆ ಇವಿಷ್ಟೇ ಕಾಣುತ್ತವೆ.

ಡೈ ವೆಚ್ಚವನ್ನು ಪ್ರತಿ ಬಿಡಿಭಾಗದ ಬೆಲೆಯಲ್ಲಿ ಸೇರಿಸಿ ವಸೂಲು ಮಾಡಿಕೊಳ್ಳಿರೆಂದು ಖರೀದಿದಾರರು ಹೇಳುವುದುಂಟು. ಉದಾಹರಣೆಗೆ, ಮೂರು ಲಕ್ಷ ರೂಪಾಯಿಯ ಡೈಯನ್ನು ಮೂರು ಲಕ್ಷ ಬಿಡಿಭಾಗಗಳ ಮೇಲೆ ಹಂಚಿದರೆ ಒಂದಕ್ಕೆ ಒಂದು ರೂಪಾಯಿ. ಅರವತ್ತು ಸಾವಿರಕ್ಕೆ ಆದೇಶ ನಿಂತುಹೋದರೆ 2.40 ಲಕ್ಷ ರೂಪಾಯಿ ಘಟಕದ ಮಾಲೀಕನ ತಲೆಯ ಮೇಲೆ ಉಳಿಯುತ್ತದೆ. ಆ ಡೈ ಬೇರಾರ ಕೆಲಸಕ್ಕೂ ಬಾರದು. ಉಕ್ಕಿನ ತೂಕಕ್ಕೆ ಮಾರಬೇಕಷ್ಟೆ. ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದ್ದನ್ನು ಕಂಡ ಊರಿಗೆ, ಆದೇಶ ನಿಲ್ಲಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನಿಷ್ಠ ಪ್ರಮಾಣವನ್ನೂ, ಅದು ಪೂರೈಸದಿದ್ದಲ್ಲಿ ಉಳಿದ ಮೊತ್ತವನ್ನು ಖರೀದಿದಾರನೇ ಭರಿಸುವ ಷರತ್ತನ್ನೂ ಖರೀದಿ ಆದೇಶದಲ್ಲಿ ಬರೆಸಿಕೊಳ್ಳದೆ ಇಂತಹ ಕೆಲಸವನ್ನು ಒಪ್ಪುವುದು ವ್ಯಾಪಾರವಲ್ಲ, ಬಡ್ಡಿಯಿಲ್ಲದ ಸಾಲ ನೀಡಿಕೆ.

ಖರೀದಿದಾರನೇ ಡೈ ಕೊಟ್ಟಾಗ ತೆರಿಗೆಯ ಪ್ರಶ್ನೆ ಬರುತ್ತದೆ. 2018ರ ಜೂನ್ 8ರ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 47ನೆಯ ಸುತ್ತೋಲೆಯ ಪ್ರಕಾರ, ವಾಹನಾದಿಗಳ ಮೂಲ ತಯಾರಕನು ತನ್ನ ಡೈಯನ್ನು ಉಚಿತವಾಗಿ ಕಳುಹಿಸುವುದು ಜಿ.ಎಸ್.ಟಿ. ಅಡಿಯಲ್ಲಿ ಪೂರೈಕೆಯಾಗುವುದಿಲ್ಲ. ಆದರೆ ಒಪ್ಪಂದದ ಮೇರೆಗೆ ಬಿಡಿಭಾಗ ತಯಾರಕನೇ ಡೈ ಹೊಂದಿಸಬೇಕಾಗಿದ್ದು, ಅದನ್ನು ಖರೀದಿದಾರನು ಕೊಟ್ಟಿದ್ದರೆ, ಡೈನ ಹಂಚಿಕೆಯ ವೆಚ್ಚವನ್ನು ಬಿಡಿಭಾಗದ ಮೌಲ್ಯಕ್ಕೆ ಸೇರಿಸಿ ತೆರಿಗೆ ಕಟ್ಟಬೇಕು. ಒಪ್ಪಂದದ ಒಂದು ಸಾಲಿನಿಂದ ತೆರಿಗೆಯ ಹೊಣೆಯೇ ಬದಲಾಗುತ್ತದೆಂಬುದು ಗಮನಾರ್ಹ.

ಸ್ಕ್ರ್ಯಾಪ್ ವಿಷಯದಲ್ಲಿ ಉದಾಸೀನ ಇನ್ನೂ ಹೆಚ್ಚು. ನೂರು ಗ್ರಾಂ ತೂಕದ ಬಿಡಿಭಾಗಕ್ಕೆ 140 ಗ್ರಾಂ ತಗಡು ಬೇಕಾಗುವಲ್ಲಿ, ಒಂದು ಲಕ್ಷ ಬಿಡಿಭಾಗಗಳಿಗೆ ನಾಲ್ಕು ಟನ್ ಸ್ಕ್ರ್ಯಾಪ್ ಬೀಳುತ್ತದೆ. ಕಿಲೋಗೆ ಮೂವತ್ತು ರೂಪಾಯಿ ಎಂದು ಹಿಡಿದರೂ 1.20 ಲಕ್ಷ ರೂಪಾಯಿ, ಅಂದರೆ ಒಂದಕ್ಕೆ 1.20 ರೂಪಾಯಿ. ಒತ್ತುವ ಕೂಲಿಯೇ ಒಂದೂವರೆ ರೂಪಾಯಿ ಇರುವಲ್ಲಿ ಇದು ಅಲ್ಪ ಮೊತ್ತವೇ? ತಗಡು ಖರೀದಿದಾರನದಾದರೆ ಸ್ಕ್ರ್ಯಾಪ್ ಯಾರ ಪಾಲಿಗೆ ಎಂಬುದನ್ನು ಮೊದಲೇ ಬರೆದಿಡಬೇಕು. ನೋಂದಾಯಿತ ಜಾಬ್ ವರ್ಕ್ ಘಟಕವು ತೆರಿಗೆ ಕಟ್ಟಿ ಅದನ್ನು ತನ್ನ ಸ್ಥಳದಿಂದಲೇ ಮಾರಲು ಜಿ.ಎಸ್.ಟಿ. ಕಾಯಿದೆಯ 143ನೆಯ ಕಲಮಿನಲ್ಲಿ ಅವಕಾಶವಿದೆ.

ಬಾಕಿ ಹಣದ ಪಾಡು ಎಲ್ಲರಿಗೂ ತಿಳಿದದ್ದೇ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳಲ್ಲಿ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದೇಶ ಕೈತಪ್ಪುವ ಭಯದಿಂದ ಆ ಬಡ್ಡಿಯನ್ನು ಕೇಳುವವರು ವಿರಳ. ಆದಾಯ ತೆರಿಗೆಯಲ್ಲಿ 2023ರಲ್ಲಿ ಸೇರಿಸಲಾದ 43ಬಿ(ಎಚ್) ನಿಯಮವು, ಅವಧಿ ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ಕಳೆಯಲು ಬಿಟ್ಟಿತು. ಬಾಯಿಬಿಟ್ಟು ಕೇಳಲಾರದ ಸಣ್ಣ ಘಟಕದ ಪರವಾಗಿ ತೆರಿಗೆ ಲೆಕ್ಕವೇ ಮಾತನಾಡುವಂತಾಯಿತು. ಇದರ ಪ್ರಯೋಜನ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ. ಕೇವಲ ವರ್ತಕರಾದವರಿಗೆ ಇಲ್ಲ. ದೊಡ್ಡ ಕಾರ್ಖಾನೆಯನ್ನು ದೂರುವ ಪ್ರೆಸ್ ಮಾಲೀಕನು ತನ್ನ ಡೈ ತಯಾರಕನಿಗೆ ಮೂರು ತಿಂಗಳು ಹಣ ತಡೆಹಿಡಿದರೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು.

ಕೊನೆಯದಾಗಿ, ಕಪಾಟಿನಲ್ಲಿ ಧೂಳು ಹಿಡಿದಿರುವ ಪರರ ಡೈಗಳ ವಿಚಾರ. ಜಾಬ್ ವರ್ಕಿಗೆ ಕಳುಹಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದಲ್ಲಿ, ಬಂಡವಾಳ ಸರಕು ಮೂರು ವರ್ಷಗಳಲ್ಲಿ ಹಿಂದಿರುಗಬೇಕು. ಡೈ, ಜಿಗ್, ಫಿಕ್ಸ್ಚರುಗಳಿಗೆ ಈ ಗಡುವಿಲ್ಲ. ಆದ್ದರಿಂದ ಅವನ್ನು ಹಿಂದಕ್ಕೆ ಒಯ್ಯುವ ಅವಸರವೂ ಖರೀದಿದಾರನಿಗಿಲ್ಲ. ಕೊನೆಯ ಆದೇಶದ ನಂತರ ಎಷ್ಟು ತಿಂಗಳು ಇರಿಸಬೇಕು, ವಿಮೆ ಯಾರದು, ಅನಂತರದ ಬಾಡಿಗೆ ಎಷ್ಟು ಎಂಬುದನ್ನು ಡೈ ಒಳಬರುವ ದಿನವೇ ಚಲನ್‌ನೊಡನೆ ಬರೆಸಿಕೊಳ್ಳುವುದು ಸಾಧ್ಯ; ಕೊನೆಯ ಬಿಲ್ ಪಾವತಿಯಾದ ಮೇಲೆ ಬಹುಮಟ್ಟಿಗೆ ಅಸಾಧ್ಯ.